ನೆಗ್ಗಿದ ಪಾವು

ಶಾಲೆಯಲ್ಲಿ ನನ್ನ ಮೇಜಿನ ಮೇಲೆ ಒಂದು ಹಿತ್ತಾಳೆ ಪಾವು ಇದೆ. ಅದನ್ನು ಕಂಡವರಿಗೆಲ್ಲ ಒಳಗೆ ಏನಾದರೂ ಹಾಕಬೇಕು ಅನ್ನಿಸುತ್ತದೆ. ಇಂಗ್ಲಿಷ್ ಮೇಷ್ಟರು ಕೆಂಪು ಪೆನ್ನು ಇಳಿಬಿಟ್ಟು ಹೋಗುತ್ತಾರೆ, ಗುಮಾಸ್ತರು ಗುಂಡುಪಿನ್ನು ಸುರಿಯುತ್ತಾರೆ, ಒಮ್ಮೆ ಯಾರೋ ಅರ್ಧ ತಿಂದ ಚಕ್ಕುಲಿ ಇಟ್ಟಿದ್ದರು. ನಾನು ದಿನಾ ಸಂಜೆ ಎಲ್ಲವನ್ನೂ ತೆಗೆದು, ಪಾವನ್ನು ಬೋರಲು ಹಾಕಿ ಮನೆಗೆ ಹೋಗುತ್ತೇನೆ. “ಖಾಲಿ ಪಾವಿಗೆ ಇದೇನ್ ಸಾರ್ ಇಷ್ಟು ಕಾವಲು?” ಎಂದವರಿಗೆ ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ನೀವು ಬಿಡುವಾಗಿ ಕೂತಿದ್ದೀರಿ, ಹೇಳಿಬಿಡುತ್ತೇನೆ.

ಪಾವು ಅಂದರೆ ಸೇರಿನ ಕಾಲು ಭಾಗ. ಈಗಿನ ಮಕ್ಕಳಿಗೆ ತಿಳಿಯುವಂತೆ ಹೇಳಬೇಕಾದರೆ ಕಾಲು ಲೀಟರಿಗೆ ಹತ್ತಿರ ಹತ್ತಿರ. ನನ್ನ ಪಾವು ಆ ಹತ್ತಿರಕ್ಕೂ ಒಂದಿಷ್ಟು ಕಡಿಮೆ, ಏಕೆಂದರೆ ಅದರ ಹೊಟ್ಟೆಯಲ್ಲಿ ಹೆಬ್ಬೆರಳು ಕೂರುವಷ್ಟು ನೆಗ್ಗು ಇದೆ. ನೆಗ್ಗಿಸಿದವನು ನಾನೇ. ಮೂರನೇ ಕ್ಲಾಸಿನಲ್ಲಿದ್ದಾಗ ಕರು ಕಟ್ಟುವ ಗೂಟ ಸಡಿಲವಾಗಿತ್ತು, ಸುತ್ತಿಗೆ ಸಿಗಲಿಲ್ಲ, ಕೈಗೆ ಪಾವು ಸಿಕ್ಕಿತು. ಗೂಟವೇನೋ ಚೆನ್ನಾಗಿ ಇಳಿಯಿತು. ಆ ಕೆಲಸಕ್ಕೆ ಯಾವ ಸಾಧನ ಸರಿ ಎಂದು ಯೋಚಿಸದೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವ ಬುದ್ಧಿ ನನಗೆ ಆವಾಗಿನಿಂದಲೂ ಇದೆ. ಮುಂದೆ ನೀವೇ ನೋಡುತ್ತೀರಿ.

ಅವ್ವ ಹೊಡೆಯಲಿಲ್ಲ. ಪಾವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವತ್ತು ಪಕ್ಕದ ಮನೆಯವರು ರಾಗಿ ಹಿಟ್ಟು ಕೈಬದಲು ಕೇಳಲು ಬಂದಾಗ ಪಾವು ತುಂಬಿಸಿ, ಅಂಗೈ ಅಡ್ಡ ಎಳೆದು ಮಟ್ಟ ಮಾಡಿ, ಅವರ ಮೊರಕ್ಕೆ ಸುರಿದಳು. ಆಮೇಲೆ ಮೂರು ಬೆರಳಲ್ಲಿ ಇನ್ನೊಂದು ಚಿಟಿಕೆ ತೆಗೆದು ಹಾಕಿದಳು.

“ಇದ್ಯಾಕವ್ವ?” ಅಂದರು ಅವರು.

“ಇದು ನಮ್ಮೈದನ ಚಿಟಿಕೆ. ಪಾವು ನೆಗ್ಸವ್ನೆ, ನಿಮ್ಗ್ಯಾಕೆ ಕಮ್ಮಿ ಆಗ್ಬೇಕು.”

ಅಲ್ಲಿಂದ ನಮ್ಮ ಬೀದಿಯಲ್ಲಿ ಆ ಚಿಟಿಕೆ ನನ್ನ ಹೆಸರಿನಲ್ಲೇ ನಡೆಯಿತು. ಸಿಂಧಘಟ್ಟದಲ್ಲಿ ನನ್ನನ್ನು ಗುರುತಿಸುತ್ತಿದ್ದದ್ದು ಓದಿನಿಂದಲ್ಲ. “ಚಿಟಿಕೆ ಎಲ್ಲವ್ವ ನಿನ್ ಮಗುಂದು?” ಎಂದು ಹೆಂಗಸರು ಕೇಳಿ ಪಡೆದುಕೊಂಡು ಹೋಗುತ್ತಿದ್ದರು. ನಾನು ಬಾಗಿಲ ಹಿಂದೆ ಅವಿತು ನಿಂತಿರುತ್ತಿದ್ದೆ.

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಳತೆಯಲ್ಲಿ ಮಾತ್ರ ಅವಳನ್ನು ಏಮಾರಿಸಿದವರಿಲ್ಲ. ಕಣದಿಂದ ಬಂದ ರಾಗಿಯನ್ನು ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಅನ್ನುತ್ತಿರಲಿಲ್ಲ, “ಲಾಭ” ಅನ್ನುತ್ತಿದ್ದಳು. ಆಮೇಲೆ ಎರಡು, ಮೂರು. ನಮ್ಮ ಕಡೆ ಎಲ್ಲರೂ ಎಣಿಸುವುದು ಹಾಗೇ. ಅಡುಗೆಮನೆಯ ರಾಗಿ ಡಬ್ಬವನ್ನು ಮುಚ್ಚುವ ಮುಂಚೆ ಕಾಳನ್ನು ಅಂಗೈಯಲ್ಲಿ ಸವರಿ ಮಟ್ಟ ಮಾಡಿ ಮುಚ್ಚುತ್ತಿದ್ದಳು. ಒಂದು ಸಲ ನಾನು ಬೆಲ್ಲದ ಉಂಡೆ ಕದ್ದು, ಯಾರಿಗೂ ಕಾಣಬಾರದೆಂದು ಆ ರಾಗಿಯೊಳಗೆ ಹೂತು, ಮೇಲೆ ಅವಳಂತೆಯೇ ಅಂಗೈ ಸವರಿ ಬಂದಿದ್ದೆ. ಕೆಲಸ ಬಹಳ ಅಚ್ಚುಕಟ್ಟಾಗಿತ್ತು. ಸಂಜೆ ಅವ್ವ ಮುಚ್ಚಳ ತೆಗೆದು ಅಪ್ಪನನ್ನು ಕರೆದಳು.

“ಬನ್ನಿ ಇಲ್ಲಿ, ನಮ್ ರಾಗಿ ಮರಿ ಆಕದೆ. ಬೆಳಗ್ಗೆ ಈ ಗೆರೇಲಿತ್ತು, ಈಗ ಇಲ್ಲಿಗ್ ಬಂದದೆ.”

ಅಪ್ಪ ಬಗ್ಗಿ ನೋಡಿದ. ಅವ್ವ ಪಾವಿನಲ್ಲಿ ರಾಗಿ ತೆಗೆಯುತ್ತ ಹೋದಳು. ಕಾಳು ಹಳೆಯ ಗೆರೆಗೆ ಇಳಿದ ಕೂಡಲೇ ಕೈ ನಿಲ್ಲಿಸಿ, ನನ್ನ ಕಡೆ ತಿರುಗಿದಳು.

“ಒಂದು ಪಾವು. ಒಂದು ಪಾವಿನಷ್ಟು ದಪ್ಪದ್ದು ಏನೋ ಒಳಗದೆ. ನೀನೇ ತೆಗೀತಿಯೋ, ನಾ ಕೈ ಆಕ್ಲೋ?”

ಬೆಲ್ಲ ತೆಗೆದುಕೊಟ್ಟೆ. ಅಪ್ಪ ಗಂಭೀರವಾಗಿ, “ಬುಡು, ಕದ್ರೂವೆ ಲೆಕ್ಕವಾಗಿ ಕದ್ದವ್ನೆ” ಅಂದ.

ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕೇಳದಿದ್ದರೂ ಹೇಳುತ್ತೇನೆ. ಗೌನು ತೊಟ್ಟು ತೆಗೆಸಿದ ಫೋಟೊ ನಮ್ಮ ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಇದೆ, ಸೋಮವಾರ ಅದಕ್ಕೂ ಒಂದು ಹೂವು ಬೀಳುತ್ತದೆ. ಬೆಳಗ್ಗೆ ಹುಲ್ಲು ಹೊರೆ ಹಾಕಿ, ಹಾಲು ಡೈರಿಗೆ ಹಾಕಿ, ಮೊದಲ ಬಸ್ಸು ಹಿಡಿದು ಓದಿದ ಬಿ.ಎಸ್ಸಿ. ಅದು. ಸುಮ್ಮನೆ ಬಂದದ್ದಲ್ಲ.

ಪದವಿ ಬಂತು, ಕೆಲಸ ಬರಲಿಲ್ಲ. ಬಿ.ಎಡ್. ಮಾಡಲು ದುಡ್ಡು ಕೂಡಬೇಕಿತ್ತು. ಮೂರು ವರ್ಷ ಚಿನಕುರಳಿ ಹತ್ತಿರ, ಕಲ್ಲು ಕ್ವಾರಿಯ ಲಾರಿಗಳನ್ನು ತೂಗುವ ವೇಬ್ರಿಜ್ಜಿನಲ್ಲಿ ಕೂತೆ. ಖಾಲಿ ಲಾರಿ ಬರುತ್ತದೆ, ತೂಗು. ಜಲ್ಲಿ ತುಂಬಿಕೊಂಡು ಬರುತ್ತದೆ, ಮತ್ತೆ ತೂಗು. ಎರಡನೆಯದರಲ್ಲಿ ಮೊದಲನೆಯದು ಕಳೆ, ಉಳಿದದ್ದು ಜಲ್ಲಿ. ಇದಿಷ್ಟೇ ಕೆಲಸ. ಒಬ್ಬ ಡ್ರೈವರಿದ್ದ, ಆನೆಮರಿಯಂಥ ಆಳು. ಖಾಲಿ ಲಾರಿ ತೂಗುವಾಗ ಸೀಟಿನಲ್ಲಿರುತ್ತಿದ್ದ, ತುಂಬಿದ ಲಾರಿ ತೂಗುವಾಗ ಬೀಡಿಗೆಂದು ಇಳಿದುಹೋಗುತ್ತಿದ್ದ.

“ಅಣ್ಣ, ಎರಡು ಸಲಾನೂ ಕೂತ್ಕೋ, ಇಲ್ಲಾಂದ್ರೆ ಎರಡು ಸಲಾನೂ ಇಳಿ” ಎಂದು ನಾನು ಕೂಗಬೇಕಾಗಿತ್ತು.

“ಅದ್ಯಾಕ್ಲಾ ಮೇಷ್ಟ್ರೇ?” ಅನ್ನುತ್ತಿದ್ದ. ಆಗಿನ್ನೂ ನಾನು ಮೇಷ್ಟರಾಗಿರಲಿಲ್ಲ, ಅವನ ಬಾಯಲ್ಲಿ ಆಗಿದ್ದೆ.

“ನೀನು ಒಂದ್ಸಲ ಇದ್ದು ಒಂದ್ಸಲ ಇಲ್ದೆ ಇದ್ರೆ ಜಲ್ಲಿ ಲೆಕ್ಕದಿಂದ ನೀನೇ ಕಳ್ದೋಗ್ತಿಯಾ.”

“ಕಳ್ದೋಗ್ಲಿ ಬುಡ್ಲಾ, ನಾನೇನ್ ಜಲ್ಲೀನಾ” ಎನ್ನುತ್ತ ಹತ್ತಿ ಕೂರುತ್ತಿದ್ದ.

ಅಲ್ಲಿ ಒಂದು ದಿನ ಲಾರಿ ಬಾರದ ಹೊತ್ತಿನಲ್ಲಿ, ನನ್ನ ಬಿ.ಎಸ್ಸಿ. ಪುಸ್ತಕಗಳ ಚೀಲವನ್ನು ವೇಬ್ರಿಜ್ಜಿನ ಮೇಲೆ ಇಟ್ಟು ಒಳಗೆ ಬಂದು ನೋಡಿದೆ. ಪರದೆಯ ಮೇಲೆ ಸೊನ್ನೆ. ಹತ್ತು ಕಿಲೊಗಿಂತ ಕಡಿಮೆಯದು ಆ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ. ಮೂರು ವರ್ಷದ ವಿದ್ಯೆ ಬರೀ ಸೊನ್ನೆ ಎಂದು ಆ ಪರದೆಯ ಕೆಂಪಕ್ಷರದಲ್ಲಿ ಕಂಡಾಗ ನಗು ಬಂತು.

ಮೊದಲ ಸಂಬಳದಲ್ಲಿ ಅವ್ವನಿಗೆಂದು ಒಂದು ಪುಟ್ಟ ಡಿಜಿಟಲ್ ತಕ್ಕಡಿ ತಂದೆ. ಸೇರು, ಪಾವು ಎಲ್ಲ ಅವೈಜ್ಞಾನಿಕ ಎಂದು ಅಡುಗೆಮನೆಯಲ್ಲಿ ನಿಂತು ಭಾಷಣ ಮಾಡಿದೆ. ಅವ್ವ ಒಲೆಯ ಮುಂದಿನಿಂದ ಎದ್ದು, “ಅಂಗಾರೆ ಇವತ್ತು ಮುದ್ದೆ ನೀನೇ ತೊಳಸಪ್ಪ” ಅಂದಳು. ಒಂದು ಪಾವು ಹಿಟ್ಟಿಗೆ ಎಷ್ಟು ನೀರು ಎಂದು ಕೇಳಿಕೊಂಡೆ. ಪಾವು ಅಂದರೆ ಕಾಲು ಲೀಟರು, ಅಂದರೆ ಕಾಲು ಕಿಲೊ ಎಂದು ನನ್ನೊಳಗೇ ಲೆಕ್ಕ ಹಾಕಿ, ಪಾವಿಗೆ ಕಾಲು ಕಿಲೊದಂತೆ ಹಿಟ್ಟನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿ ಹಾಕಿದೆ. ಕೋಲು ತಿರುಗಲಿಲ್ಲ. ಅಪ್ಪ ಮುದ್ದೆಯನ್ನು ತಟ್ಟೆಯ ಅಂಚಿಗೆ ಒಂದು ಸಲ ಕುಟ್ಟಿ ನೋಡಿ, “ಚಿನಕುರಳಿ ಕಲ್ಲ ಮನೇಗೂ ತಂದ್ಬುಟ್ಟ” ಅಂದ.

“ಇಟ್ಟು ಅಗುರ ಕಣ್ಲಾ, ನೀರು ಭಾರ” ಅಂದಳು ಅವ್ವ. “ಒಂದು ಪಾವು ಇಟ್ಟು ಎಲ್ಲಾದ್ರೂ ಕಾಲು ಕೇಜಿ ತೂಗ್ತದಾ? ಇದ ನಿಮ್ ಕಾಲೇಜ್ನಲ್ಲಿ ಏಳ್ಕೊಡ್ನಿಲ್ವಾ?”

ಹೇಳಿಕೊಟ್ಟಿದ್ದರು. ಅದಕ್ಕೆ ಸಾಂದ್ರತೆ ಎಂದು ಹೆಸರು, ಅದರಲ್ಲಿ ನನಗೆ ಒಳ್ಳೆಯ ಅಂಕವೂ ಬಂದಿತ್ತು. ನಾನು ಕಲ್ಲು ಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದಿ ಅದ್ದಿ ಮೆತ್ತಗೆ ಮಾಡಿಕೊಂಡು ಉಂಡೆ.

ಕೊನೆಗೂ ಶ್ರೀರಂಗಪಟ್ಟಣದ ಕಡೆ ಒಂದು ಕಾಲೇಜಿನಲ್ಲಿ ಬಿ.ಎಡ್. ಸೇರಿದೆ. ಕೊನೆಯಲ್ಲಿ ಒಂದು ಪರೀಕ್ಷಾ ಪಾಠ ಇರುತ್ತದೆ. ಯಾವುದೋ ಶಾಲೆಯ ನಿಜವಾದ ಮಕ್ಕಳ ಮುಂದೆ ಪಾಠ ಮಾಡಬೇಕು, ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಕೂತಿರುತ್ತಾರೆ. ಆ ಮುಕ್ಕಾಲು ಗಂಟೆ ಕೆಟ್ಟರೆ ಇನ್ನೊಂದು ವರ್ಷ. ಇನ್ನೊಂದು ವರ್ಷ ಮನೆಯಲ್ಲಿ ಕೇಳುವ ಮುಖ ನನಗಿರಲಿಲ್ಲ. ವೇಬ್ರಿಜ್ಜಿನ ಕುರ್ಚಿ ಖಾಲಿ ಇತ್ತು. ಹೋಗಿ ಕೂತರೆ ಮತ್ತೆ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ನನಗೆ ಬಂದ ಶಾಲೆ ನಾಗಮಂಗಲದ ಕಡೆಯದು. ಬಂದ ವಿಷಯ ಏನು ಅಂತೀರಿ? ಘನವಸ್ತುಗಳ ಗಾತ್ರ ಮತ್ತು ರಾಶಿಯನ್ನು ಅಳೆಯಲು ಸರಿಯಾದ ಸಾಧನಗಳ ಆಯ್ಕೆ. ರಾಶಿ ಅಂದರೆ ಕಣದ ರಾಶಿಯಲ್ಲ, ತಕ್ಕಡಿಯಲ್ಲಿ ತೂಗುವುದು. ನನಗೆ ಖುಷಿಯೋ ಖುಷಿ. ಕ್ವಾರಿ ಲಾರಿ ತೂಗಿದವನಿಗೆ ಇದೊಂದು ಲೆಕ್ಕವೇ? ಪಾಠಯೋಜನೆ ಬರೆದೆ. ಕಾಲೇಜಿನಿಂದ ಗೆರೆ ಹಾಕಿದ ಬೀಕರು, ಅಳತೆ ಜಾಡಿ, ತಕ್ಕಡಿ ತಂದೆ. ತೊಣ್ಣೂರು ಕೆರೆಯ ದಡದಿಂದ ಒಂದು ನುಣುಪು ಕಲ್ಲು ಆರಿಸಿ ತಂದೆ. ಎರಡನೆಯ ಪ್ರಯೋಗಕ್ಕೆ ಮೂಲೆ ಮುರಿದ ಒಂದು ಇಟ್ಟಿಗೆ ಚೂರು. ಎಲ್ಲವನ್ನೂ ಹಿಂದಿನ ಸಂಜೆಯೇ ಚೀಲಕ್ಕೆ ಹಾಕಿದೆ.

ಬೆಳಗ್ಗೆ ಹೊರಡುವಾಗ ಅವ್ವ ಚೀಲ ಎತ್ತಿಕೊಟ್ಟಳು. “ಒಳ್ಗೆ ಎರಡು ಅಚ್ಚು ಬೆಲ್ಲ ಮಡಗಿವ್ನಿ. ಪರೀಕ್ಷೆ ಮಾಡೋರ್ಗೆ ಕೊಡು. ಬಸ್ನಲ್ಲಿ ಪುಡಿ ಆಗ್ಬುಡ್ತದೆ ಅಂತ ಪಾವ್ನೊಳಕ್ಕೆ ಇಕ್ಕಿವ್ನಿ.”

“ಪರೀಕ್ಷಕರಿಗೆ ಬೆಲ್ಲ ಕೊಟ್ರೆ ಲಂಚ ಅಂತಾರೆ ಕಣವ್ವ.”

“ಎರಡಚ್ಚು ಬೆಲ್ಲುಕ್ಕೆ ಯಾರ್ಲಾ ಲಂಚ ಅಂತಾರೆ. ದೂರ್ದಿಂದ ಬಂದಿರ್ತಾರೆ, ಬಾಯಿ ಸೀ ಮಾಡ್ಕತಾರೆ, ಓಗು.”

ಆ ನೆಗ್ಗಿದ ಪಾವನ್ನು ಯಾರ ಮುಂದೆಯೂ ಹೊರಗೆ ತೆಗೆಯಬಾರದು ಎಂದು ಕೆ.ಆರ್. ಪೇಟೆ ಬಸ್‌ಸ್ಟಾಂಡಿನಲ್ಲೇ ತೀರ್ಮಾನ ಮಾಡಿದ್ದೆ.

ಪಾಠ ಚೆನ್ನಾಗಿಯೇ ಶುರುವಾಯಿತು. ಎಂಟನೇ ತರಗತಿ. ಹಿಂದೆ ನಮ್ಮ ಕಾಲೇಜಿನ ಮೇಷ್ಟರು, ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕಿ ಮೇಡಂ. ಪೆಟ್ಟಿಗೆಯಾಕಾರದ ವಸ್ತುವಾದರೆ ಅಳತೆಪಟ್ಟಿ ಸಾಕು, ಉದ್ದ ಅಗಲ ಎತ್ತರ ಗುಣಿಸಿದರಾಯಿತು ಎಂದೆ. ಅಂಕುಡೊಂಕಿನ ಕಲ್ಲಿಗೆ ಏನು ಮಾಡೋಣ ಎಂದು ಕೇಳಿ, ಬೀಕರಿನ ನೀರಿಗೆ ತೊಣ್ಣೂರಿನ ಕಲ್ಲು ಇಳಿಬಿಟ್ಟೆ. ನೀರು ಏರಿತು. ಏರಿದಷ್ಟೇ ಕಲ್ಲಿನ ಗಾತ್ರ. ಮಕ್ಕಳು ಬಂದು ಬಗ್ಗಿ ಗೆರೆ ಓದಿದರು. ಮೇಡಂ ಪೆನ್ನು ಸರಾಗವಾಗಿ ಓಡುತ್ತಿತ್ತು.

“ಈಗ ಇನ್ನೊಂದು ವಸ್ತು” ಎಂದು ಚೀಲಕ್ಕೆ ಕೈ ಹಾಕಿದೆ. ಇಟ್ಟಿಗೆ ಚೂರು ಇಲ್ಲ. ತಳದವರೆಗೂ ತಡಕಿದೆ. ಇಲ್ಲ. ಅವ್ವ ಅದನ್ನು ಏನು ಮಾಡಿದ್ದಳೆಂದು ಸಂಜೆ ತಿಳಿಯಿತು. “ಎಂತದೋ ಇಟ್ಟಿಗೆ ಚೂರಿತ್ತು, ಮಕ್ಳು ಆಟುಕ್ಕೆ ಆಕವ್ರೆ ಅಂತ ಬಿಸಾಕ್ದೆ. ಅದಿದ್ರೆ ಪಾವು ಇಡೀತಿರ್ನಿಲ್ಲ.” ತರಗತಿಯಲ್ಲಿ ಆಗ ನನ್ನ ಕೈಗೆ ಸಿಕ್ಕಿದ್ದು ಪಾವಿನೊಳಗಿನ ಬೆಲ್ಲದ ಅಚ್ಚು ಮಾತ್ರ. ಮಕ್ಕಳು ನೋಡುತ್ತಿದ್ದಾರೆ, ಮೇಡಂ ನೋಡುತ್ತಿದ್ದಾರೆ. ಕರುವಿನ ಗೂಟ ಹೊಡೆದ ಅದೇ ಬುದ್ಧಿ. ಬೆಲ್ಲವನ್ನು ನೀರಿಗೆ ಬಿಟ್ಟುಬಿಟ್ಟೆ.

ಬಿ.ಎಸ್ಸಿ. ಓದಿದವನು, ಮಂಡ್ಯ ಸೀಮೆಯಲ್ಲಿ ಹುಟ್ಟಿದವನು, ಬೆಲ್ಲವನ್ನು ನೀರಿಗೆ ಬಿಟ್ಟು ಗಾತ್ರ ಅಳೆಯಲು ನಿಂತ. ಮೊದಲು ಗುಳ್ಳೆ ಎದ್ದವು. ಆಮೇಲೆ ಕೆಂಚಗಿನ ಬಣ್ಣ ಎಳೆ ಎಳೆಯಾಗಿ ಇಳಿಯತೊಡಗಿತು. ಅಚ್ಚಿನ ಅಂಚು ಕಣ್ಣ ಮುಂದೆಯೇ ಸವೆಯುತ್ತಿತ್ತು. ಗೆರೆ ಓದಲು ಬಂದ ಹುಡುಗ ಮೂಗು ಬೀಕರಿಗೆ ಹತ್ತಿಸಿ, “ಸಾ, ಪಾನಕ” ಅಂದ.

ಇಡೀ ತರಗತಿ ನಕ್ಕಿತು. ನಮ್ಮ ಮೇಷ್ಟರು ಕಿಟಕಿಯ ಕಡೆ ಮುಖ ತಿರುಗಿಸಿದರು. ಮೇಡಂ ಪೆನ್ನು ನಿಂತಿತು. ನನಗೆ ವೇಬ್ರಿಜ್ಜಿನ ಕುರ್ಚಿ, ಅದರ ಹರಿದ ರೆಕ್ಸಿನ್ನು, ಎಲ್ಲವೂ ಸ್ಪಷ್ಟವಾಗಿ ಕಾಣಿಸಿದವು.

ಮೂರನೆಯ ಬೆಂಚಿನಲ್ಲಿ ಭಾಗ್ಯ ಎಂಬ ಹುಡುಗಿ ಎದ್ದು ನಿಂತಳು. “ಹಂಗಾರೆ ಸಾ, ಕರಗೋದ್ನ ಎಂಗೆ ಅಳೀಬೇಕು?”

ಅವಳು ನಗುತ್ತಿರಲಿಲ್ಲ. ನಿಜವಾಗಿ ಕೇಳುತ್ತಿದ್ದಳು. ಪಾವಿನೊಳಗೆ ಇನ್ನೂ ಒಂದು ಅಚ್ಚು ಉಳಿದಿತ್ತು. ಅದನ್ನೇ ನೋಡುತ್ತ ನಿಂತಾಗ ನಮ್ಮ ಅಡುಗೆಮನೆಯ ಡಬ್ಬ ನೆನಪಾಯಿತು. ರಾಗಿ ಮರಿ ಹಾಕಿತ್ತಲ್ಲ. ಬೆಲ್ಲ ಅದರೊಳಗೆ ಒಂದಿಡೀ ಹಗಲು ಇತ್ತು. ಒಂದು ಚೂರೂ ಕರಗಿರಲಿಲ್ಲ.

“ಶಾಲೆಯಲ್ಲಿ ರಾಗಿ ಸಿಗುತ್ತಾ?” ಎಂದು ಕೇಳಿದೆ.

ಇಬ್ಬರು ಓಡಿದರು. ಬಿಸಿಯೂಟದ ಅಡುಗೆಯ ಜಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಒಂದು ಸಣ್ಣ ಚೀಲ ಹಿಡಿದು ತಾವೇ ಬಂದರು. “ನಮ್ಮನೇದು ಸಾ, ಸಂಜೆ ಮಿಲ್ಲಿಗಾಕ್ಕೊಂಡು ಓಗಣ ಅಂತ ತಂದಿವ್ನಿ. ಒಂದು ಕಾಳು ಚೆಲ್ಲಂಗಿಲ್ಲ, ನಾ ಇಲ್ಲೇ ನಿಂತಿರ್ತೀನಿ.”

ಬೆಲ್ಲವನ್ನು ಹೊರಗಿಟ್ಟು ಪಾವಿಗೆ ರಾಗಿ ಸುರಿದೆ. ಅಂಗೈ ಅಡ್ಡ ಎಳೆದೆ. ಬಾಯಿ ತನ್ನಷ್ಟಕ್ಕೇ “ಲಾಭ” ಅಂದುಬಿಟ್ಟಿತು. ಹಿಂದಿನಿಂದ ಒಂದಿಬ್ಬರು ಮಕ್ಕಳು ನನ್ನ ಜೊತೆಗೇ ಅಂದಿದ್ದರು. ಆ ರಾಗಿಯಷ್ಟನ್ನೂ ಒಂದು ಕಾಗದದ ಮೇಲೆ ಹರಡಿದೆ. ಖಾಲಿ ಪಾವಿಗೆ ಬೆಲ್ಲ ಇಟ್ಟು, ಅದೇ ರಾಗಿಯನ್ನು ಸುತ್ತಲೂ ಮೇಲೂ ಮತ್ತೆ ತುಂಬಿಸಿದೆ. ಕಾಳು ಚೆನ್ನಾಗಿ ಇಳಿಯಲಿ ಎಂದು ಪಾವನ್ನು ಮೇಜಿಗೆ ಕುಟ್ಟಲು ಎತ್ತಿದೆ.

“ಕುಟ್ಬೇಡಿ ಸಾ” ಅಂದರು ಬಾಗಿಲಿಂದ ಜಯಮ್ಮ. “ಮೊದ್ಲು ಕುಟ್ನಿಲ್ಲ ನೀವು. ಈಗ ಕುಟ್ಟುದ್ರೆ ಮೋಸ ಆಯ್ತದೆ.”

ಕುಟ್ಟಲಿಲ್ಲ. ಮಟ್ಟ ಮಾಡಿದೆ. ಕಾಗದದ ಮೇಲೆ ಸ್ವಲ್ಪ ರಾಗಿ ಹಿಡಿಸಲಾರದೆ ಉಳಿದಿತ್ತು. ಬೆಲ್ಲ ಹೊರಗೆ ತಳ್ಳಿದ ರಾಗಿ ಅದು. ಅದನ್ನು ಅಳತೆ ಜಾಡಿಗೆ ಸುರಿದು ಮಕ್ಕಳ ಕೈಗೆ ಕೊಟ್ಟೆ. “ಅರವತ್ತು ಸಾ” ಅಂದರು. ಬೆಲ್ಲವನ್ನು ಹೊರತೆಗೆದು, ಕಾಳು ಕೊಡವಿ, ತಕ್ಕಡಿಗೆ ಹಾಕಿದೆವು. ಎಂಬತ್ತನಾಲ್ಕು ಗ್ರಾಂ. ಗಾತ್ರಕ್ಕೆ ಪಾವು, ರಾಗಿ ಮತ್ತು ಜಾಡಿ, ರಾಶಿಗೆ ತಕ್ಕಡಿ. ಹಲಗೆಯ ಮೇಲೆ ಬರೆದೆ.

ಆಗ ಮೇಡಂ ಎದ್ದು ಮುಂದೆ ಬಂದರು. ಪಾವನ್ನು ಎತ್ತಿ ತಿರುಗಿಸಿ ನೋಡಿದರು. ನೆಗ್ಗಿನ ಮೇಲೆ ಹೆಬ್ಬೆರಳಿಟ್ಟರು. ಅದು ಸರಿಯಾಗಿ ಕೂತಿತು.

“ಈ ಪಾವು ನೆಗ್ಗಿದೆಯಲ್ಲ. ತಪ್ಪು ಸಾಧನದಿಂದ ಅಳೆದ ಉತ್ತರ ಸರಿ ಹೇಗಾಗುತ್ತೆ?”

ನನ್ನ ನಾಲಿಗೆಯ ತುದಿಗೆ ಬಂದದ್ದು ಅವ್ವನ ಚಿಟಿಕೆ. ‘ಒಂದು ಚಿಟಿಕೆ ಸೇರಿಸಬೇಕು ಮೇಡಂ’ ಎಂದು ಬಾಯಿ ತೆರೆದೇಬಿಟ್ಟಿದ್ದೆ. ಹಾಗೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಭಾಗ್ಯ, ಎದ್ದು ನಿಲ್ಲುವುದನ್ನೂ ಮರೆತು, ಕೂತಲ್ಲಿಂದಲೇ ಹೇಳಿದಳು.

“ನೆಗ್ಗು ಎರಡು ಸಲಾನೂ ಇತ್ತಲ್ವಾ ಮೇಡಂ. ಬರೀ ರಾಗಿ ತುಂಬ್ದಾಗ್ಲೂ ಇತ್ತು, ಬೆಲ್ಲ ಮಡಗಿ ತುಂಬ್ದಾಗ್ಲೂ ಇತ್ತು. ಮಧ್ಯದಲ್ಲಿ ಬಂದಿದ್ದು ಬೆಲ್ಲ ಒಂದೇ. ನೆಗ್ಗು ಲೆಕ್ಕುಕ್ಕೇ ಬರಾದಿಲ್ಲ.”

ಮೂರು ವರ್ಷ ಆ ಡ್ರೈವರಿಗೆ ಎರಡು ಸಲವೂ ಕೂತುಕೋ ಎಂದು ಕೂಗಿದವನು ನಾನು. ಅದೇ ಮಾತನ್ನು ಎಂಟನೇ ತರಗತಿಯ ಹುಡುಗಿ ನನಗೆ ಹೇಳಿಕೊಟ್ಟಳು. ಮೇಡಂ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಹಿಂದೆ ಹೋಗಿ ಬರೆಯತೊಡಗಿದರು. ಗಂಟೆ ಹೊಡೆಯುವವರೆಗೂ ಬರೆಯುತ್ತಲೇ ಇದ್ದರು.

ಪಾಠ ಮುಗಿದ ಮೇಲೆ ಹೊರಗೆ ಕರೆದರು. “ಬೆಲ್ಲವನ್ನು ನೀರಿಗೆ ಹಾಕಿದ್ದು ಬೇಕಂತಲೇ?”

ಹೌದು ಅನ್ನಬಹುದಿತ್ತು. “ಇಲ್ಲ ಮೇಡಂ. ಗಾಬರಿಯಲ್ಲಿ.”

“ಮುಂದಿನ ಸಲ ಬೇಕಂತಲೇ ಹಾಕಿ. ಆ ಹುಡುಗಿ ಪ್ರಶ್ನೆ ಕೇಳಿದ್ದು ಅದರಿಂದ” ಅಂದರು. “ಪಾವು ಯಾರದು?”

“ನಮ್ಮವ್ವಂದು.”

“ನೆಗ್ಗಿಸಿದ್ದು?”

“ನಾನು.”

ಅವರು ಆಗ ನಕ್ಕರು. ಅಷ್ಟರಲ್ಲಿ ಜಯಮ್ಮ ರಾಗಿಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಬೆಲ್ಲದ ಅಚ್ಚನ್ನು ಒಡೆದು ಮಕ್ಕಳಿಗೆ ಹಂಚುತ್ತಿದ್ದರು. ಒಂದು ಚೂರು ಮೇಡಂ ಕೈಗೂ ಬಂತು. ಬಾಯಿಗೆ ಹಾಕಿಕೊಂಡರು. ಅವ್ವ ಹೇಳಿದ್ದಂತೆಯೇ ಆಯಿತು, ಯಾರೂ ಲಂಚ ಅನ್ನಲಿಲ್ಲ.

ಪಾಠದಲ್ಲಿ ಪಾಸಾದೆ. ಮುಂದೆ ಕೆಲಸವೂ ಬಂತು, ಪಾಂಡವಪುರ ತಾಲ್ಲೂಕಿನಲ್ಲೇ. ಈಗ ಬಸ್ಸಿನಲ್ಲಿ ಹೋಗುವಾಗ ಆ ವೇಬ್ರಿಜ್ಜು ದಿನಾ ಎದುರಾಗುತ್ತದೆ. ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಪ್ರತಿ ವರ್ಷ ಆ ಪಾಠ ಬಂದಾಗ ಬೆಲ್ಲವನ್ನು ಬೇಕೆಂದೇ ನೀರಿಗೆ ಬಿಡುತ್ತೇನೆ, ಪಾನಕ ಅನ್ನಿಸಿಕೊಳ್ಳುತ್ತೇನೆ, ಆಮೇಲೆ ಸುಮ್ಮನೆ ಕಾಯುತ್ತೇನೆ. ಯಾವುದಾದರೂ ಬೆಂಚಿನಲ್ಲಿ ಯಾರಾದರೂ ಎದ್ದೇಳುತ್ತಾರೆ. ಇದುವರೆಗೂ ತಪ್ಪಿಲ್ಲ.

ಪರೀಕ್ಷೆಯ ಸಂಜೆ ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ, ಭಾಗ್ಯ ಎಂಬ ಹುಡುಗಿ ನನ್ನನ್ನು ಉಳಿಸಿದ್ದನ್ನೂ ಹೇಳಿದೆ. ಅವಳು ಇಡೀ ಕಥೆಯಲ್ಲಿ ಹಿಡಿದದ್ದು ಒಂದೇ ಮಾತನ್ನು.

“ಅಂದ್ರೆ ನೆಗ್ಗು ಲೆಕ್ಕುಕ್ಕೆ ಇಲ್ವಾ? ಇಷ್ಟು ವರ್ಸ ನಾ ಆಕಿದ್ದು ಚಿಟಿಕೆ ಸುಮ್ಕೆನಾ?”

“ಸುಮ್ನೆ ಅಲ್ಲ ಕಣವ್ವ. ಇನ್ನೊಬ್ಬರಿಗೆ ಅಳೆದು ಕೊಡೋವಾಗ ಬೇಕು. ಬೆಲ್ಲ ಅಳೆಯೋವಾಗ ಬೇಡ.”

ಪಾವನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು. “ಅಂಗಾರೆ ಸರಿ. ಇದು ಇನ್ನು ನಿನ್ತಾವೇ ಇರ್ಲಿ, ತಗ. ನಂಗೆ ಬ್ಯಾರೆ ತಂದ್ಕೊಡು.”

ಕೆ.ಆರ್. ಪೇಟೆ ಸಂತೆಯಿಂದ ಹೊಸ ಸ್ಟೀಲಿನ ಪಾವು ತಂದುಕೊಟ್ಟೆ. ಎಲ್ಲೂ ಒಂದು ಗೀರಿಲ್ಲ, ಕನ್ನಡಿಯ ಹಾಗಿತ್ತು. ಮರುದಿನವೇ ಪಕ್ಕದ ಮನೆಯವರು ಹಿಟ್ಟಿಗೆ ಬಂದರು. ಅವ್ವ ತುಂಬಿಸಿದಳು, ಅಂಗೈ ಎಳೆದಳು, ಲಾಭ ಎಂದು ಸುರಿದಳು. ಆಮೇಲೆ ಎಂದಿನಂತೆ ಮೂರು ಬೆರಳು ಹಿಟ್ಟಿಗೆ ಇಳಿದವು.

“ಇದು ನೆಗ್ಗಿಲ್ಲವಲ್ಲವ್ವ” ಅಂದೆ.

“ಗೊತ್ತು ಸುಮ್ಕಿರ್ಲಾ” ಎನ್ನುತ್ತ ಆ ಚಿಟಿಕೆಯನ್ನು ಮೊರಕ್ಕೆ ಹಾಕಿದಳು. “ಇದು ಆ ಹೆಣ್ ಮಗುಂದು.”